ಹಂಡೆಯ ನೀರು, ಹೊರಗೋಡೆಯ ಮೀಟರು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಕರೆಂಟಿನ ಮೀಟರು ಮೊದಲು ನಡುಮನೆಯಲ್ಲಿತ್ತು. ದೇವರ ಪಟಗಳ ಸಾಲಿನಲ್ಲಿ ಕೊನೆಯದು. ಕಪ್ಪು ಡಬ್ಬಿ, ಗಾಜಿನ ಕಿಂಡಿ, ಒಳಗೆ ಸೋಮಾರಿಯಾಗಿ ತಿರುಗುವ ಒಂದು ತಟ್ಟೆ. ಹಬ್ಬದ ದಿನ ಪಟಗಳಿಗೆ ಕುಂಕುಮ ಇಟ್ಟುಕೊಂಡು ಬರುವ ಅವ್ವ ಅದೇ ಭರದಲ್ಲಿ ಮೀಟರಿಗೂ ಒಂದು ಬೊಟ್ಟು ಇಟ್ಟುಬಿಡುತ್ತಿದ್ದಳು. ಮೀಟರ್ ಓದುವವನು ತಿಂಗಳಿಗೊಮ್ಮೆ ಬಂದು, ಚಪ್ಪಲಿ ಬಿಟ್ಟು, ಸ್ಟೂಲು ಹತ್ತಿ, ಬೊಟ್ಟಿನ ಪಕ್ಕದಿಂದ ಇಣುಕಿ ಓದಿಕೊಳ್ಳುತ್ತಿದ್ದ. ಇಳಿಯುವಾಗ ಅಡುಗೆಮನೆ ಕಡೆ ಮೂಗು ತಿರುಗಿಸಿ, ‘ಏನಕ್ಕಾ, ಇವತ್ತು ಅವರೆಕಾಳ್ ಸಾರಾ?’ ಎನ್ನುತ್ತಿದ್ದ.

ನನಗೆ ಅದೊಂದು ಹಿಂಸೆ. ಹೊರಗಿನವನೊಬ್ಬ ನಮ್ಮ ನಡುಮನೆಯಲ್ಲಿ ಎತ್ತರದಲ್ಲಿ ನಿಂತರೆ ಏನೇನು ಕಾಣುತ್ತದೆ ಎಂದು ಒಮ್ಮೆ ನಾನೇ ಸ್ಟೂಲು ಹತ್ತಿ ನೋಡಿದ್ದೆ. ಒಣಗಿಹಾಕಿದ ಒಳಬಟ್ಟೆ, ಬೀರುವಿನ ಮೇಲಿನ ಧೂಳು, ಮಂಚದ ಕೆಳಗೆ ಬಚ್ಚಿಟ್ಟ ನನ್ನ ಕೋಡುಬಳೆ ಡಬ್ಬಿ, ಎಲ್ಲವೂ ಕಾಣುತ್ತಿತ್ತು. ಹಾಗಾಗಿ ಎರಡು ಸಾವಿರದ ಇಸವಿ ಕಳೆದ ಮೇಲೆ ಹಳೇ ಮೀಟರು ಕಿತ್ತು, ಹೊಸದನ್ನು ಹೊರಗೋಡೆಗೆ ಹಾಕುತ್ತಾರೆ ಎಂದಾಗ ಇಡೀ ಬೀದಿಯಲ್ಲಿ ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಚನ್ನರಾಯಪಟ್ಟಣದ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬಂದವರಿಗೆ ಕಾಫಿ ಕೊಡಿಸಿದೆ.

ಮೀಟರು ಕೂರಿಸಿದವನು ಸ್ಕ್ರೂಡ್ರೈವರ್ ಜೇಬಿಗೆ ಸೇರಿಸುತ್ತಾ, ‘ಇನ್ಮೇಕೆ ನಾವ್ಯಾರೂ ಒಳೀಕ್ ಬರಾಂಗಿಲ್ಲ ಸಾ. ಎಲ್ಲಾ ಹೊರ್ಗೇ ಕಾಣ್ತದೆ’ ಎಂದ.

ಹೊರಗೇ ಕಾಣುತ್ತದೆ ಎಂಬ ಮಾತು ನನಗೆ ನಾಟಿದ್ದು ಅವನು ಹೋದಮೇಲೆ.

ಹೊಸ ಮೀಟರಿನಲ್ಲಿ ತಟ್ಟೆ ಇರಲಿಲ್ಲ. ಅಂಕಿಗಳಿದ್ದವು, ಜೊತೆಗೆ ಸಾಸಿವೆ ಗಾತ್ರದ ಒಂದು ಕೆಂಪು ದೀಪ. ಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದರೆ ಅದು ತೂಕಡಿಸುವವರ ರೆಪ್ಪೆಯಂತೆ ಎಷ್ಟೋ ಹೊತ್ತಿಗೊಮ್ಮೆ ಮಿಟುಕುತ್ತಿತ್ತು. ಮಿಕ್ಸಿ ಹಾಕಿದರೆ ಚುರುಕು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಮೈಮೇಲೆ ದೇವರು ಬಂದವರಂತೆ ಪಟಪಟನೆ ಕುಣಿಯುತ್ತಿತ್ತು. ಅದನ್ನು ಹಾಕಿದ್ದು ಬಾಗಿಲ ಪಕ್ಕ, ಜಗುಲಿಯ ಮೇಲುಗಡೆ. ಆ ಜಗುಲಿಯ ಮೇಲೆ ಬೆಳಗ್ಗೆ ಎದ್ದು ಎಲೆಅಡಿಕೆ ಹಾಕಿಕೊಂಡು ಕೂರುವವಳು ಅವ್ವ.

ಇಲ್ಲಿ ಬಚ್ಚಲುಮನೆಯ ವಿಷಯ ಹೇಳಬೇಕು.

ಮೀಟರು ಹೊರಗೆ ಬರುವ ಒಂದು ವರ್ಷ ಮುಂಚೆ ನನ್ನ ಹೆಂಡತಿಗೆ ಕೆಮ್ಮು ಹತ್ತಿ, ಬಿಡಲೇ ಇಲ್ಲ. ಹಾಸನದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ‘ಮನೇಲಿ ಸೌದೆ ಒಲೆ ಇದೆಯಾ? ಮೊದಲು ಅದನ್ನು ಆರಿಸಿ, ಆಮೇಲೆ ನನ್ನ ಮಾತ್ರೆ’ ಎಂದರು. ಅಡುಗೆಗೆ ಗ್ಯಾಸ್ ಇತ್ತು. ಸೌದೆ ಉರಿಯುತ್ತಿದ್ದದ್ದು ಬಚ್ಚಲ ಹಂಡೆಯ ಕೆಳಗೆ ಮಾತ್ರ. ಉರಿ ಹಾಕಿ, ಊದಿ, ಹೊಗೆ ಕುಡಿಯುವ ಕೆಲಸ ಅವಳದು. ಮನೆಗೆ ಬಂದವನೇ ಅವ್ವನ ಹತ್ತಿರ ನೀರಿಗೆ ಇಳಿಬಿಟ್ಟು ಕಾಯಿಸುವ ಒಂದು ಕರೆಂಟ್ ಕಾಯಿಲ್ ತರುವ ಮಾತೆತ್ತಿದೆ.

‘ಕರೆಂಟ್ ನೀರಾ?’ ಎಂದಳು ಅವ್ವ. ‘ಅದು ಮೈಗೆ ಹತ್ತಾಕಿಲ್ಲ ಕಣ್ಲಾ. ಮೇಲ್ಮೇಲ್ ಸುಡ್ತದೆ, ಮೂಳೆಗ್ ಇಳಿಯಾಕಿಲ್ಲ. ನಾವೇನ್ ಹೊಗೆ ಕುಡೀದೆ ಬಂದಿದ್ದೀವಾ? ನಿಮಗ್ ಅಂಗೆ ಬೇಕು ಅಂದ್ರೆ ಹಾಕ್ಕಳ್ಳಿ. ನಾನು ಹರದನಹಳ್ಳಿಗ್ ಓಯ್ತೀನಿ, ಚಿಕ್ಕೋನ್ ಮನೇಲಿ ಹಂಡೆ ಐತೆ.’

ಅವ್ವ ಆಡಿದ್ದನ್ನು ಮಾಡುವವಳು. ಚಿಕ್ಕೋನು ಎಂದರೆ ನನ್ನ ತಮ್ಮ. ಅವನ ಮನೆಗೆ ಹೋದಳು ಎಂದರೆ, ಸ್ನಾನದ ನೀರಿಗೋಸ್ಕರ ತಾಯಿಯನ್ನು ಅಟ್ಟಿದ ಮಗ ಎಂದು ನನ್ನ ಹೆಸರು ಅರಕಲಗೂಡಿನ ನೆಂಟರವರೆಗೂ ಮುಟ್ಟುತ್ತದೆ. ಒಂದು ಕಡೆ ಕೆಮ್ಮು, ಇನ್ನೊಂದು ಕಡೆ ಹರದನಹಳ್ಳಿ. ನಾನು ಎರಡು ರಾತ್ರಿ ಹೊರಳಾಡಿದೆ. ಹೆಂಡತಿ ಹೊರಳಾಡಲಿಲ್ಲ. ಬುಧವಾರದ ಸಂತೆಗೆ ಹೋದವಳು ಚೀಲದಲ್ಲಿ ಸೊಪ್ಪಿನ ಕೆಳಗೆ ಕಾಯಿಲ್ ಇಟ್ಟುಕೊಂಡು ಬಂದಳು.

‘ಹೊಗೆ ಕಂಡ್ರೆ ಸಾಕು ಅತ್ತೆಗೆ. ಒಂದು ಗರಿ ಹಚ್ಚಿ ಬಾಗಿಲು ಎಳ್ಕೊಂಡು ಬಂದ್ರಾಯ್ತು. ಹಚ್ಚೋದು ನೀವು’ ಎಂದಳು.

ಹಾಗೆ ಶುರುವಾಯಿತು. ಹಂಡೆಯ ಬಾಯಿಗೆ ಅಡ್ಡ ಒಂದು ಕೋಲು, ಕೋಲಿಗೆ ನೇತುಬಿದ್ದ ಕಾಯಿಲ್. ಕೆಳಗೆ ಒಲೆಯಲ್ಲಿ ಒಂದು ತೆಂಗಿನ ಗರಿ, ಮೇಲೆ ಹೆಂಚಿನ ಸಂದಿಯಿಂದ ಹೊಗೆ. ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತದ್ದನ್ನು ಮತ್ತೆ ಮುಟ್ಟಿ ನೋಡಿ, ಕಾಯಿಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದ ಮೇಲೆ ಅವ್ವ ಸ್ನಾನಕ್ಕೆ ಹೋಗುವಳು. ಬಂದು ತಲೆ ಒರೆಸಿಕೊಳ್ಳುತ್ತಾ, ‘ನೀರು ಅಂದ್ರೆ ಇದು ಕಣ್ಲಾ. ಸೌದೆ ನೀರು. ಮೈಯೆಲ್ಲಾ ಹಗುರಾಯ್ತು’ ಎನ್ನುವಳು. ಹೆಂಡತಿ ತರಕಾರಿ ಕಡೆ ಮುಖ ತಿರುಗಿಸಿಕೊಳ್ಳುವಳು. ಅವಳ ಕೆಮ್ಮು ನಿಂತುಹೋಯಿತು.

ಆದರೆ ಹಿತ್ತಲಿನಲ್ಲಿ ಸೌದೆ ರಾಶಿ ಕರಗಲಿಲ್ಲ. ತಮ್ಮ ಹರದನಹಳ್ಳಿಯಿಂದ ಗಾಡಿ ತುಂಬ ಕಳಿಸಿದ್ದು ಹಾಗೇ ಬಿದ್ದಿತ್ತು. ಅವ್ವ ಅದನ್ನು ನೋಡಿದರೆ? ಈ ಯೋಚನೆ ಬಂದ ದಿನದಿಂದ ನಾನು ಆಗಾಗ ನಾಲ್ಕು ಸೀಳು ಸೌದೆಯನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿನವನಿಗೆ ಕೊಟ್ಟು ಬರತೊಡಗಿದೆ. ಸ್ವಂತ ಮನೆಯಿಂದ ಸ್ವಂತ ಸೌದೆ ಕದಿಯುವ ಗೃಹಸ್ಥ ಇಡೀ ತಾಲ್ಲೂಕಿಗೆ ನಾನೊಬ್ಬನೇ. ಹೋಟೆಲಿನವನು ಏನೂ ಕೇಳುತ್ತಿರಲಿಲ್ಲ, ಒಂದು ಮಸಾಲೆದೋಸೆ ಕೊಡುತ್ತಿದ್ದ.

ಎಲ್ಲ ಹೀಗೆ ಸುಗಮವಾಗಿರುವಾಗ ಮೀಟರು ಹೊರಗೆ ಬಂತು.

ಎದುರುಮನೆಯ ಮೇಷ್ಟ್ರು ರಿಟೈರಾಗಿ, ಪೇಪರು ಓದಿ ಮುಗಿಸಿ, ಉಳಿದ ಹೊತ್ತೆಲ್ಲ ಖಾಲಿ ಇದ್ದವರು. ಅವರ ಬೆತ್ತದ ಕುರ್ಚಿಗೆ ನಮ್ಮ ಮೀಟರು ನೇರ ಎದುರು. ವಾರ ಕಳೆಯುವುದರಲ್ಲಿ ಅವರು ಆ ದೀಪದ ಪಾಠ ಕಲಿತಿದ್ದರು.

‘ಏನ್ ಸಾರ್, ನಿನ್ನೆ ಮಧ್ಯಾಹ್ನ ಮಿಕ್ಸಿ ಓಡ್ತಾನೇ ಇತ್ತು? ನೆಂಟರೇನು?’ ಎಂದು ಬೀದಿಯಾಚೆಯಿಂದಲೇ ಕೇಳಿದರು. ನಾನು ನಕ್ಕೆ. ಮಿಕ್ಸಿ ಕಂಡವರಿಗೆ ಕಾಯಿಲ್ ಕಾಣದೆ ಇರುತ್ತದೆಯೇ ಎಂಬ ಯೋಚನೆ ಅಂದಿನ ಊಟಕ್ಕೆ ಅಡ್ಡ ಬಂತು.

ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸದೆ ಇರಲು ಮೇಷ್ಟ್ರಿಗೆ ಆಗುತ್ತದೆಯೇ? ಜಗುಲಿಯ ಮೇಲಿದ್ದ ಅವ್ವನಿಗೆ ಹೇಳಿಕೊಟ್ಟರು. ಅಕ್ಷರ ಬಾರದ ಅವ್ವ ದೀಪವನ್ನು ನನಗಿಂತ ಬೇಗ ಓದಿದಳು. ಪರೀಕ್ಷೆಗೆ ಓದುತ್ತೇನೆಂದು ಬಾಗಿಲು ಹಾಕಿಕೊಂಡು, ದನಿ ಪೂರ್ತಿ ತಗ್ಗಿಸಿ ಟಿವಿ ನೋಡುತ್ತಿದ್ದ ನನ್ನ ಮಗಳು ಮೊದಲು ಸಿಕ್ಕಿಬಿದ್ದಳು. ಆಮೇಲೆ ನಾನು, ಫ್ಯಾನು ಆರಿಸದೆ ಹೊರಗೆ ಬಂದಿದ್ದಕ್ಕೆ. ಮೀಟರ್ ಓದುವವನು ತಿಂಗಳಿಗೊಮ್ಮೆ ಬಂದು ಸಾರಿನ ವಾಸನೆ ಹಿಡಿದು ಹೋಗುತ್ತಿದ್ದ ಕಾಲ ಎಷ್ಟು ಮರ್ಯಾದಸ್ತ ಕಾಲವಾಗಿತ್ತು ಎಂದು ನಾನು ನೆನೆದುಕೊಂಡೆ.

ಒಂದು ಬೆಳಗ್ಗೆ ಅವ್ವ ಕರೆದಳು. ‘ಲೇ, ಬಾ ಇಲ್ಲಿ. ಬೆಳಿಗ್ಗೇನೇ ಇದ್ಯಾಕೆ ಇಂಗೆ ಎಗರಾಡ್ತದೆ?’

ಒಳಗೆ ಕಾಯಿಲ್ ಹಂಡೆಯಲ್ಲಿತ್ತು. ನನ್ನ ಬಾಯಿಗೆ ಬಂದದ್ದು, ‘ಇಸ್ತ್ರಿ ಅವ್ವಾ. ಆಫೀಸಿಗೆ.’

ಹೇಳಿದ ಮೇಲೆ ನಡೆಸಬೇಕಲ್ಲ. ಅಂದಿನಿಂದ ಕಾಯಿಲ್ ಹಾಕಿದ ಕೂಡಲೇ ನಡುಮನೆಯಲ್ಲಿ ಟವೆಲು ಹಾಸಿ ಇಸ್ತ್ರಿಗೆ ನಿಲ್ಲತೊಡಗಿದೆ. ಅಂಗಿ ಪ್ಯಾಂಟುಗಳು ಎರಡೇ ದಿನಕ್ಕೆ ಮುಗಿದವು. ಕರ್ಚೀಫು, ದಿಂಬಿನ ಚೀಲ, ಪಂಚೆ, ಬನೀನುಗಳ ಸರದಿ ಬಂತು. ಸೊಳ್ಳೆಪರದೆಗೂ ಕೈಹಾಕಿ ಒಂದು ಮೂಲೆ ಸುಟ್ಟೆ. ಆಫೀಸಿನಲ್ಲಿ, ‘ಏನ್ ಸಾ, ಮದ್ವೆ ಗಂಡ್ನಂಗ್ ಬತ್ತಾ ಇದೀರಾ’ ಎಂದರು. ಅವ್ವ ಒಂದು ದಿನ ಬನೀನನ್ನು ಬೆಳಕಿಗೆ ಹಿಡಿದು, ‘ಇದುನ್ನ ಯಾರ್ಲಾ ನೋಡೋರು?’ ಎಂದಳು.

ಇಸ್ತ್ರಿ ಪೆಟ್ಟಿಗೆ ಎಷ್ಟು ದಿನ ತಾಳೀತು? ಒಂದು ಬೆಳಗ್ಗೆ ಚಿಟ್ ಎಂದು ತಣ್ಣಗಾಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ, ಯೋಚನೆಯಿಲ್ಲದೆ, ಜಗುಲಿಗೆ ಬಂದುಬಿಟ್ಟೆ. ಅವ್ವ ನನ್ನ ಕೈ ನೋಡಿದಳು. ಮೀಟರು ನೋಡಿದಳು. ದೀಪ ಎಂದಿನಂತೆಯೇ ಕುಣಿಯುತ್ತಿತ್ತು.

ಅವಳ ಮುಖದಲ್ಲಿ ಅನುಮಾನ ಮೂಡಿದ್ದನ್ನು ಕಂಡೆ. ಆದರೆ ಅದು ನನ್ನ ಕಡೆ ತಿರುಗಲಿಲ್ಲ, ಬೀದಿ ದಾಟಿ ಎದುರಿಗೆ ಹೋಯಿತು.

‘ಮೇಷ್ಟ್ರೇ!’ ಎಂದಳು. ಬೀದಿಗೆಲ್ಲ ಕೇಳುವ ದನಿ. ‘ನಮ್ಮ ಮೀಟ್ರು ನೀವು ಅಷ್ಟು ನಿಗಾ ಮಡಗಿ ನೋಡ್ತಿದ್ದದ್ದು ಇದುಕ್ಕೇಯಾ? ನಮ್ಮನೇಲಿ ಇಸ್ತ್ರಿ ಪೆಟ್ಟಿಗೆ ಕೆಟ್ಟು ಕೂತೈತೆ, ದೀಪ ಓಡ್ತಾ ಐತೆ. ನಮ್ಮ ಕರೆಂಟ್ನ ಯಾರು ಎಳ್ಕತಾ ಇದ್ದೀರಾ?’

ಮೇಷ್ಟ್ರ ಕೈಯ ಪೇಪರು ಕೆಳಗೆ ಬಿತ್ತು. ‘ಅಮ್ಮಾ! ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ನಾನು. ನಾನು ಕಳ್ಳನಾ?’

‘ನಾನ್ ಅಂಗಂದ್ನಾ? ಯಾರು ಅಂತ ಕೇಳ್ದೆ.’

ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಮೇಷ್ಟ್ರು ಬೀದಿ ದಾಟಿ ಬಂದರು. ‘ಸಾರ್, ಮೇನ್ ಆಫ್ ಮಾಡಿ’ ಎಂದರು ನನಗೆ. ಮಾಡಿದೆ. ದೀಪ ನಿಂತಿತು. ‘ನೋಡಿ ಅಮ್ಮಾ. ನಾನು ಎಳೀತಿದ್ರೆ ನಿಲ್ತಿತ್ತಾ? ಏನೇ ಓಡ್ತಿದ್ರೂ ನಿಮ್ಮ ಮನೆ ಒಳಗೇ ಓಡ್ತಿದೆ.’

‘ಒಳಗ್ ಏನಿಲ್ಲ. ಹಾಕ್ಲಾ ಮೇನು’ ಎಂದಳು ಅವ್ವ. ತಾನೇ ಒಳಗೆ ಹೋಗಿ ಒಂದೊಂದೇ ಸ್ವಿಚ್ ಆರಿಸುತ್ತಾ ಬಂದಳು. ನಡುಮನೆ, ಕೋಣೆ, ಅಡುಗೆಮನೆ, ಫ್ರಿಜ್ಜು. ಹೊರಗೆ ದೀಪ ಕುಣಿಯುತ್ತಲೇ ಇತ್ತು.

‘ಬಚ್ಚಲುಮನೇಲಿ ನೋಡಿದ್ರಾ?’ ಎಂದರು ಮೇಷ್ಟ್ರು.

‘ಅಲ್ಲಿ ಸೌದೆ ಒಲೆ ಮೇಷ್ಟ್ರೇ. ಹೊಗೆ ಕಾಣಾಕಿಲ್ವಾ?’ ಎಂದಳು. ಹೌದು, ಹೊಗೆ ಹೆಂಚಿನ ಮೇಲೆ ಚೆನ್ನಾಗಿಯೇ ಏಳುತ್ತಿತ್ತು. ಅದರ ಬಗ್ಗೆ ನನಗೆ ಆವರೆಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆದರೂ ಅವ್ವ ಆ ಕಡೆ ನಡೆದಳು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಅವಳ ಹಿಂದೆ ಹೋದಳು. ನಾನು ಹೋಗಲಿಲ್ಲ. ತಣ್ಣನೆಯ ಇಸ್ತ್ರಿ ಪೆಟ್ಟಿಗೆ ಹಿಡಿದು ಮೇಷ್ಟ್ರ ಪಕ್ಕದಲ್ಲಿ ಮೀಟರು ನೋಡುತ್ತಾ ನಿಂತೆ. ಹರದನಹಳ್ಳಿಗೆ ಮುಂದಿನ ಬಸ್ಸು ಯಾವುದು ಎಂದು ಮನಸ್ಸು ತಾನಾಗಿಯೇ ಹುಡುಕುತ್ತಿತ್ತು.

ಒಳಗಿಂದ ಮಾತು ಕೇಳಿಸಲಿಲ್ಲ. ದೀಪ ಥಟ್ಟನೆ ನಿಂತಿತು.

‘ಸಿಕ್ತು’ ಎಂದರು ಮೇಷ್ಟ್ರು ಪಿಸುದನಿಯಲ್ಲಿ.

ನಾನು ಕಣ್ಣು ಮುಚ್ಚಿದೆ. ಬಯ್ಗುಳವೂ ಬರಲಿಲ್ಲ, ಟ್ರಂಕು ಎಳೆಯುವ ಸದ್ದೂ ಬರಲಿಲ್ಲ. ಮೇಷ್ಟ್ರು ಮೊಣಕೈಯಿಂದ ನನ್ನನ್ನು ತಿವಿದರು. ಕಣ್ಣು ಬಿಟ್ಟೆ. ದೀಪ ಮತ್ತೆ ಕುಣಿಯುತ್ತಿತ್ತು. ಒಳಗೆ ಯಾರೋ ಸ್ವಿಚ್ ಮತ್ತೆ ಹಾಕಿದ್ದರು.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಬೀದಿಯವರನ್ನು ಒಮ್ಮೆ ನೋಡಿದಳು. ಅಷ್ಟು ಜನರ ಮುಂದೆ ಮೇಷ್ಟ್ರನ್ನು ಕಳ್ಳ ಮಾಡಿ ಆಗಿತ್ತು. ಈಗ ಮಗ ಸೊಸೆ ತನ್ನ ಕಣ್ಣಿಗೆ ಮಣ್ಣೆರಚಿದ್ದರು ಎಂದು ಒಪ್ಪಿಕೊಂಡರೆ ಎರಡೆರಡು ಸೋಲು.

‘ಕಾಯ್ಲು ಮೇಷ್ಟ್ರೇ’ ಎಂದಳು, ಬಹಳ ಸಾವಧಾನವಾಗಿ. ‘ಹುಡುಗಿಗ್ ಹೊಗೆ ಆಗಾಕಿಲ್ಲ ಅಂತ ನಾನೇ ತರಿಸಿ ಹಾಕ್ಸಿದ್ದು. ವಯಸ್ಸಾಯ್ತಲ್ಲ, ಮರ್ತೇ ಓಗಿತ್ತು. ಬನ್ನಿ, ಕಾಫಿ ಕುಡ್ಕಂಡ್ ಓಗಿ.’

ಮೇಷ್ಟ್ರು ಹೆಂಚಿನ ಮೇಲಿನ ಹೊಗೆ ನೋಡಿದರು. ನನ್ನ ಮುಖ ನೋಡಿದರು. ಏನೂ ಕೇಳದೆ ಒಳಗೆ ಬಂದು ಕಾಫಿ ಕುಡಿದರು. ಅವರ ಬಗ್ಗೆ ನನಗಿರುವ ಗೌರವ ಅಂದಿನದು.

ಬೀದಿಯ ಮುಂದೆ ತನ್ನದೇ ಎಂದು ಹೇಳಿಕೊಂಡದ್ದನ್ನು ಮಾರನೆಯ ದಿನ ಬೇಡ ಎನ್ನುವುದು ಹೇಗೆ? ಕಾಯಿಲ್ ಅಟ್ಟದಿಂದ ಇಳಿದು ಬಚ್ಚಲುಮನೆಯ ಗೂಟಕ್ಕೆ ಬಂತು. ಹೆಂಡತಿ ಆಮೇಲೆ ಹೊಗೆ ಕುಡಿಯಲಿಲ್ಲ. ಅವ್ವನಿಗೆ ಮಾತ್ರ ಅಂದಿನಿಂದಲೇ ಮಂಡಿ ನೋವು ಶುರುವಾಯಿತು. ‘ಕರೆಂಟ್ ನೀರು ಮೂಳೆಗ್ ಇಳೀದು ಅಂತ ಬಡ್ಕಂಡೆ’ ಎನ್ನುವಳು. ಅವಳೊಬ್ಬಳಿಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬಯಲಿನಲ್ಲಿ ಬೇರೆ ನೀರು ಕಾಯಿಸಬೇಕೆಂದು ತೀರ್ಮಾನವಾಯಿತು. ಬಯಲ ಹೊಗೆ ಮನೆಯೊಳಕ್ಕೆ ಬಾರದು. ಉರಿ ಹಾಕುವವನು ನಾನು.

ಮೊದಲ ದಿನ ಗರಿ ಒಟ್ಟಿಕೊಂಡು, ಇಸ್ತ್ರಿ ಮಾಡಿದ ಬನೀನಿನಲ್ಲಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದೆ. ಅವ್ವ ಬಂದು, ಸೌದೆ ರಾಶಿ ಇದ್ದ ಬರಿನೆಲವನ್ನು ನೋಡುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಅಲ್ಲಾ ಕಣ್ಲಾ, ನೀರು ಕಾಯ್ಸಿದ್ದು ಕಾಯ್ಲು’ ಎಂದಳು. ‘ಗಾಡಿ ಸೌದೆ ಎಲ್ಲಿಗೋಯ್ತು?’

ನಾನು ಜೋರಾಗಿ ಊದತೊಡಗಿದೆ. ಹೊಗೆ ಚೆನ್ನಾಗಿಯೇ ಬಂತು.