ನೆಂಟರ ಮನೆ ದಾಟದ ನಂಜಮ್ಮತ್ತೆ

ಬಸ್ಸಿನ ಕಿಟಕಿಯ ಪಕ್ಕ ಕೂತರೆ ನಮ್ಮ ಅತ್ತೆಯ ಬಲಗೈ ಸುಮ್ಮನಿರುತ್ತಿರಲಿಲ್ಲ. ಸೋಮನೂರಿನಲ್ಲಿ ಬಸ್ಸು ಹೊರಟಿತೆಂದರೆ ಕೈ ಕಿಟಕಿಯ ಕಂಬಿ ದಾಟಿ ಆಚೆ ಹೋಗುತ್ತಿತ್ತು. "ಅದೋ, ಆ ತೆಂಗಿನಮರದ ಮನೆ, ನಮ್ಮ ಸೊಂದಕಾರರು. ಆ ನೀಲಿ ಗೇಟು ಕಾಣ್ತದಲ್ಲ, ಅವ್ರೂ ನಮ್ಮೋರೇ." ಸೊಂದಕಾರರೆಂದರೆ ನೆಂಟರು. ಕೈ ಒಳಗೆ ತೆಗೆದುಕೊಳ್ಳಿ ಎಂದು ಹೇಳಿ ಹೇಳಿ ಕಂಡಕ್ಟರುಗಳಿಗೆ ಸಾಕಾಗಿತ್ತು. ಒಬ್ಬನಂತೂ ತಮಿಳಿನಲ್ಲಿ, ಅಜ್ಜಿ, ನಿಮ್ಮವರಲ್ಲದವರ ಮನೆ ಬಂದಾಗ ಮಾತ್ರ ತೋರಿಸಿ, ನಿಮ್ಮ ಕೈಗೂ ಬಿಡುವು ಸಿಗುತ್ತದೆ ಎಂದಿದ್ದ. ಅತ್ತೆ ಅದನ್ನು ಹೊಗಳಿಕೆಯೆಂದೇ ತಿಳಿದು ಊರೆಲ್ಲ ಹೇಳಿಕೊಂಡು ಬಂದರು.

ತೋರಿಸುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ದಾರಿಯಲ್ಲಿ ನೆಂಟರ ಮನೆ ಇದ್ದರೆ ಒಳಗೆ ಹೋಗದೆ ದಾಟಬಾರದು ಎಂಬುದು ಅವರ ನೇಮ. ಮದುವೆಗೆ ಹೊರಟರೂ ಅಷ್ಟೆ, ಕಣ್ಣಿನ ಡಾಕ್ಟರ ಬಳಿಗೆ ಹೊರಟರೂ ಅಷ್ಟೆ. ಒಂದು ಲೋಟ ಮಜ್ಜಿಗೆ ಕುಡಿದು, ಮನೆಯ ಹೆಂಗಸರ ಜೊತೆ ನಾಲ್ಕು ಮಾತಾಡಿ, "ಹೋಗ್ಬರ್ತೀನಿ ಕಣ್ಣು" ಎಂದು ಅಕ್ಕರೆಯಿಂದ ಹೇಳಿಯೇ ಏಳಬೇಕು. ಒಮ್ಮೆ ಹೀಗೇ ಮನೆ ಮನೆ ಹೊಕ್ಕು ನಾವು ಆಸ್ಪತ್ರೆ ತಲುಪುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. "ಅವ್ರೂ ಯಾರೋ ಸೊಂದಕಾರರ ಮನೆಗೆ ಹೋಗಿರ್ಬೇಕು" ಎಂದು ಅತ್ತೆ ಸಮಾಧಾನವಾಗಿ ಬೆಂಚಿನ ಮೇಲೆ ಕೂತರು.

ಅವರ ಹೆಸರು ನಂಜಮ್ಮ. ರೇಷನ್ ಕಾರ್ಡಿನಲ್ಲಿ ನಂಜಮ್ಮಾಳ್. ಅವರ ಹಿರಿಯರು ಯಾವ ಕಾಲದಲ್ಲಿ ಕನ್ನಡ ನಾಡಿನಿಂದ ಬೇಸಾಯಕ್ಕೆಂದು ತಮಿಳುನಾಡಿನ ಈ ಕೊಯಮತ್ತೂರು ಸೀಮೆಗೆ ಬಂದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಬಾರದು. ತಮಿಳಿನಲ್ಲಿ ಸಹಿಯಷ್ಟು ಹಾಕುತ್ತಿದ್ದರು. ನಾನು ಕೊಳ್ಳೇಗಾಲದ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮದುವೆಯಾಗಿ ಈ ಮನೆಗೆ ಬಂದೆ. ಮಾವನವರ ಕಾಲದಲ್ಲೇ ಹೊಲದ ಅಂಚಿನಲ್ಲಿ ಶೆಡ್ಡು ಕಟ್ಟಿ ಪವರ್‌ಲೂಮ್ ಹಾಕಿದ್ದರು. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ಅತ್ತೆಯ ದನಿ ದೊಡ್ಡದಾಗಿತ್ತು. ಗುಟ್ಟಿನ ಮಾತನ್ನೂ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಈಗಲೂ ಮಗ್ಗ ನಿಂತಾಗ ಆ ದನಿ ಬರುತ್ತದೇನೋ ಎಂದು ಕಾಯುತ್ತೇನೆ.

ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಮಾರ್ತಾ ನಮ್ಮಲ್ಲಿದ್ದ ಕಡೆಯ ದಿನ.

ಮಾರ್ತಾ ಪೋಲೆಂಡ್ ದೇಶದ ಹುಡುಗಿ. ಓದಿನ ಭಾಗವಾಗಿ ಅರ್ಧ ವರ್ಷಕ್ಕೆ ಕೊಯಮತ್ತೂರಿನ ಒಂದು ಕಾಲೇಜಿಗೆ ಬಂದಿದ್ದಳು. ಮನೆಯಲ್ಲಿದ್ದುಕೊಂಡೇ ನೂಲು ಬಟ್ಟೆಯ ಕೆಲಸ ಮಾಡುವ ಹೆಂಗಸರ ಬದುಕಿನ ಬಗ್ಗೆ ಅವಳು ಬರೆಯಬೇಕಿತ್ತು. ಯಾರದೋ ಪರಿಚಯದಿಂದ ನಮ್ಮ ಮಹಡಿಯ ಕೋಣೆಗೆ ಬಂದು ಉಳಿದಳು. ಅತ್ತೆ ಮೊದಲ ದಿನವೇ ಅವಳನ್ನು 'ಅಮ್ಮಣಿ' ಎಂದು ಕರೆದರು. ಈ ಕಡೆ ಮನೆಯ ಹುಡುಗಿಯರನ್ನು ಕರೆಯುವುದೇ ಹಾಗೆ. ರಾಗಿಮುದ್ದೆ ನುಂಗುವುದನ್ನು ಕಲಿಸಿದರು, ಸೀರೆ ಉಡಿಸಿದರು, ಹೊರಡುವಾಗ 'ಹೋಗ್ಬರ್ತೀನಿ' ಅನ್ನದೆ ಹೊಸ್ತಿಲು ದಾಟಬಾರದೆಂದು ಹೇಳಿಕೊಟ್ಟರು. ಪಾಪ, ಆ ಹುಡುಗಿ ಬಚ್ಚಲುಮನೆಗೆ ಹೋಗುವಾಗಲೂ ಹೋಗ್ಬರ್ತೀನಿ ಅನ್ನುತ್ತಿದ್ದಳು.

ಅವಳ ಟೀಚರುಗಳು ಒಂದು ಷರತ್ತು ಹಾಕಿದ್ದರು. ತಾನಿರುವ ಮನೆ ಬಿಟ್ಟು ಬೇರೆ ಮೂರು ಮನೆಯ ಹೆಂಗಸರು ತಮ್ಮ ಬದುಕನ್ನು ತಮ್ಮ ಬಾಯಲ್ಲೇ ಹೇಳಿದ್ದನ್ನು ರೆಕಾರ್ಡು ಮಾಡಿ ತರಬೇಕು; ಇಲ್ಲದಿದ್ದರೆ ಪಾಸಿಲ್ಲ, ಊರಿಗೆ ಹೋಗಿ ಮತ್ತೆ ಮೊದಲಿಂದ ಓದಬೇಕು. ಅವಳು ಹೋದಲ್ಲೆಲ್ಲ ಗಂಡಸರೇ ಮುಂದೆ ಬಂದು ಉತ್ತರ ಹೇಳುತ್ತಿದ್ದರು. ಹೆಂಗಸರು ನಕ್ಕು ಒಳಗೆ ಹೋಗುತ್ತಿದ್ದರು. ಅಷ್ಟರಲ್ಲಿ ಕೆಟ್ಟ ಜ್ವರ ಬಂದು ವಾರಗಟ್ಟಲೆ ಮಲಗಿಬಿಟ್ಟಳು. ಅತ್ತೆ ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಜ್ವರ ಬಿಟ್ಟಾಗ ಉಳಿದದ್ದು ಒಂದೇ ದಿನ. ಅಂದು ಸಂಜೆ ಕೊಯಮತ್ತೂರಿನ ಆರ್.ಎಸ್. ಪುರಂನ ಒಂದು ಸಭಾಂಗಣದಲ್ಲಿ ಟೀಚರುಗಳ ಎದುರು ಕೆಲಸ ಒಪ್ಪಿಸಬೇಕು, ಮಾರನೆಯ ದಿನ ವಿಮಾನ. ಮಹಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವಳಿಗೆ ಅತ್ತೆ, "ಅಳಕ್ಕೆ ನೇರ ಇಲ್ಲ ಅಮ್ಮಣಿ, ಹೊತ್ತಾಯ್ತದೆ. ಸೀರೆ ಉಟ್ಕೊ. ನಮ್ಮ ಸೊಂದಕಾರರ ಮನೆಗೆ ಹೋಗನ" ಎಂದರು. ಬಸ್ಸಿನ ಬೋರ್ಡು ಓದಲು, ಇಲ್ಲಿಗೆ ಬಂದ ಮೇಲೆ ತಮಿಳು ಅಕ್ಷರ ಕಲಿತಿದ್ದ ನಾನೂ ಹೊರಟೆ.

ಮೊದಲು ಕರುಮತ್ತಂಪಟ್ಟಿ. ಅಲ್ಲಿ ಅತ್ತೆಯ ತಂಗಿಯ ಮನೆ, ಹಿತ್ತಲಲ್ಲಿ ಮಗ್ಗ. ತಂಗಿಯ ಗಂಡ ಕುರ್ಚಿ ಎಳೆದುಕೊಂಡು ಮಾರ್ತಾಳ ಎದುರು ಕೂತು ನೂಲಿನ ಬೆಲೆಯಿಂದ ಶುರು ಮಾಡಿದರು. ಅತ್ತೆ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ತಂಬಿ, ಬಾಯಿ ಒಣಗ್ತದೆ. ಎಲ್ಲಾದ್ರೂ ಎಳನೀರು ಸಿಕ್ತದಾ ನೋಡಿ. ನಿಮ್ಮ ಕೈಯಾರೆ ಆರಿಸಿ ತನ್ನಿ" ಎಂದು ಎಬ್ಬಿಸಿ ಕಳಿಸಿದರು. ಅವರ ಚಪ್ಪಲಿಯ ಸದ್ದು ದೂರವಾದ ಮೇಲೆ ತಂಗಿಯ ಪಕ್ಕ ನೆಲದ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತಲು ನೆರವಾದರು. ಕೈ ಕೆಲಸದಲ್ಲಿದ್ದಾಗ ತಂಗಿಯ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಮಗ್ಗದ ಪಕ್ಕ ತೊಟ್ಟಿಲು ಕಟ್ಟಿದ ಕಾಲದ ಮಾತು ಬಂತು. ಆ ಸದ್ದಿಗೆ ಮಕ್ಕಳು ಚೆನ್ನಾಗಿ ಮಲಗುತ್ತಿದ್ದವಂತೆ. ಕರೆಂಟು ಹೋದರೆ ಬೀದಿಯ ಮಕ್ಕಳೆಲ್ಲ ಒಟ್ಟಿಗೆ ಎದ್ದು ಅಳುತ್ತಿದ್ದವಂತೆ. ಮಾರ್ತಾ ಒಪ್ಪಿಗೆ ಕೇಳಿ ರೆಕಾರ್ಡರನ್ನು ನೂಲಿನ ಬುಟ್ಟಿಯೊಳಗೆ ಇಟ್ಟಿದ್ದಳು. ಎಳನೀರು ಬರುವ ಹೊತ್ತಿಗೆ ಒಂದು ಮನೆಯ ಕೆಲಸ ಮುಗಿದಿತ್ತು.

ತಿರುಪ್ಪೂರಿನಲ್ಲಿ ಅತ್ತೆಯ ಅಣ್ಣನ ಮಗಳು. ಮನೆಗೆ ಬನಿಯನ್‌ಗಳನ್ನು ತರಿಸಿಕೊಂಡು ಹೊಲಿಗೆಯ ಹೆಚ್ಚಿನ ದಾರ ಕತ್ತರಿಸುವುದು ಅವಳ ಕೆಲಸ. ನಮ್ಮನ್ನು ಕಂಡವಳೇ ಕತ್ತರಿ ಹಿಡಿದುಕೊಂಡೇ ಬೈಯಲು ಶುರು ಮಾಡಿದಳು.

"ಈಗ ದಾರಿ ತಿಳೀತಾ ಅತ್ತೆ? ವೆಳ್ಳಕಾರ ಬಿಳೀ ಹುಡುಗಿ ಬಂದ್ರೇನೇ ನಮ್ಮ ನೆನಪು?"

"ಬೈಯಿ ಕಣ್ಣು. ಪೂರ್ತಿ ಬೈದು ಮುಗ್ಸು, ಆಮೇಲೆ ಮಾತಾಡನ" ಎಂದು ಅತ್ತೆ ಕಾಲು ಚಾಚಿ ಕೂತರು.

ಆ ಬೈಗುಳವೂ ರೆಕಾರ್ಡಾಯಿತು. ಅದರ ಬಾಲ ಹಿಡಿದು ಅವಳ ಕಷ್ಟ ಸುಖವೆಲ್ಲ ಬಂತು. ಬೀದಿಗೆ ಬಂದಾಗ ಮಾರ್ತಾಳ ಮುಖಕ್ಕೆ ಕಳೆ ಬಂದಿತ್ತು. ಇನ್ನು ಒಂದೇ ಮನೆ. ಅದು ಅವಿನಾಶಿಯಿಂದ ಕೊಯಮತ್ತೂರಿಗೆ ಬರುವ ದಾರಿಯಲ್ಲೇ ಇತ್ತು. ಮಗಳ ಮದುವೆ ಗೊತ್ತಾಗಿದ್ದ ಆ ಮನೆಯವರು ಬನ್ನಿ ಎಂದು ಹೇಳಿಕಳಿಸಿದ್ದರು.

ಅವಿನಾಶಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಅತ್ತೆಯ ಕೈ ಇದ್ದಕ್ಕಿದ್ದಂತೆ ಕಿಟಕಿಯಿಂದ ಒಳಗೆ ಬಂತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಂದಿನ ಸೀಟಿನ ಹಿಂದೆ ಬಗ್ಗಿ ಕೂತರು.

"ಗೌರಿ, ದಾಟ್ತಾ ಹೇಳು" ಎಂದರು ನನಗೆ. ಗುಟ್ಟಾಗಿ ಹೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು.

ಕಾರಣ ನನಗೆ ಗೊತ್ತಿತ್ತು. ಅದು ಲಕ್ಷ್ಮಿಯ ಊರು. ಲಕ್ಷ್ಮಿ ಅತ್ತೆಯ ದೊಡ್ಡಪ್ಪನ ಮಗಳು, ಒಟ್ಟಿಗೆ ಆಡಿ ಬೆಳೆದವಳು. ಹಿಂದಿನ ತಿಂಗಳು ಅವಳ ಗಂಡ ತೀರಿಕೊಂಡಿದ್ದ. ಮಾರ್ತಾಳ ಜ್ವರದ ಕಾರಣ ಅತ್ತೆ ಹೋಗಿರಲಿಲ್ಲ. ಈಗ ಅಲ್ಲಿ ಇಳಿದು ದುಃಖ ವಿಚಾರಿಸಿದರೆ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವವರೆಗೆ ಇನ್ನೊಬ್ಬರ ಮನೆಗೆ ಹೋಗುವಂತಿಲ್ಲ. ಮದುವೆಯ ಮನೆಗಂತೂ ಇಲ್ಲವೇ ಇಲ್ಲ. ಇಳಿದರೆ ಮಾರ್ತಾಳ ಮೂರನೆಯ ಮನೆ ಹೋದಂತೆ, ಅವಳ ಪಾಸೂ ಹೋದಂತೆ. ಅದಕ್ಕೇ ಅತ್ತೆ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಲು ಹೊರಟಿದ್ದರು.

ಮಾರ್ತಾ ಏನೆಂದು ಕೇಳಿದಳು. ನನಗೆ ಗೊತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಯಾವಾಗ ತೀರಿಕೊಂಡರು ಎಂದಳು. ನಿನಗೆ ಜ್ವರ ಬಂದಿದ್ದಾಗ ಎಂದೆ. ಅವಳು ಎದ್ದು ಕಂಡಕ್ಟರನಿಗೆ ತನ್ನ ತಮಿಳಿನಲ್ಲಿ ನಿಲ್ಲಿಸಿ ಎಂದಳು.

"ಏ ಅಮ್ಮಣಿ, ಕೂತ್ಕೊ. ನಿನ್ನ ಪರೀಕ್ಷೆ ಹೋಯ್ತದೆ" ಎಂದು ಅತ್ತೆ ಅವಳ ಸೆರಗು ಹಿಡಿದು ಎಳೆದರು.

"ಸೊಂದಕಾರರು" ಎಂದಳು ಮಾರ್ತಾ, ಕಿಟಕಿಯ ಆಚೆ ಕೈ ತೋರಿಸಿ. ಎಲ್ಲರಿಗಿಂತ ಮೊದಲು ಅವಳೇ ಇಳಿದಳು.

ಅತ್ತೆಯೂ ಲಕ್ಷ್ಮಿಯೂ ಕೊರಳು ತಬ್ಬಿ ಅತ್ತು ಸುಮ್ಮನಾದ ಮೇಲೆ, ಯಾರೂ ಕೇಳದೆಯೇ ಲಕ್ಷ್ಮಿ ಹೇಳತೊಡಗಿದಳು. ಗಂಡ ನೇಯುತ್ತಿದ್ದ ಬಟ್ಟೆ ಅರ್ಧಕ್ಕೆ ನಿಂತಿತ್ತಂತೆ. ಆ ಮಗ್ಗವನ್ನು ಬೇರೆಯವರು ಮುಟ್ಟಲು ಬಿಡದೆ ತಾನೇ ಹೋಗಿ ಓಡಿಸಿದಳಂತೆ. ಮಗ್ಗ ನಿಂತು ಮತ್ತೆ ಶುರುವಾದ ಕಡೆ ಬಟ್ಟೆಯಲ್ಲಿ ಅಡ್ಡ ಗೆರೆ ಬೀಳುತ್ತದೆ. ವ್ಯಾಪಾರಿಗಳು ಅದನ್ನು ದೋಷ ಅನ್ನುತ್ತಾರೆ. "ಆ ಗೆರೆ ಇರೋ ತುಂಡ ಕತ್ತರಿಸಿ ಇಟ್ಕೊಂಡಿವ್ನಿ ಅಕ್ಕಾ. ಗೆರೆಯಿಂದ ಆ ಕಡೆ ಅವ್ರು, ಈ ಕಡೆ ನಾನು."

ಮಾರ್ತಾಳಿಗೆ ಎಲ್ಲ ಮಾತೂ ತಿಳಿಯದಿದ್ದರೂ ತಿಳಿಯಬೇಕಾದದ್ದು ತಿಳಿದಿತ್ತು. ಇಷ್ಟು ತಿಂಗಳು ಅವಳು ಹುಡುಕುತ್ತಿದ್ದದ್ದು ಇಂಥ ಮಾತನ್ನೇ. ರೆಕಾರ್ಡರಿದ್ದ ಚೀಲದ ಮೇಲೆ ಅವಳ ಕೈ ಇತ್ತು. ಅತ್ತೆಯ ಮುಖ ನೋಡಿದಳು. ಸಾವಿನ ಮನೆಯಿಂದ ಏನನ್ನೂ ಹೊರಗೆ ಒಯ್ಯಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಅತ್ತೆಯ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅಂದೇ ಮೊದಲು ಕೇಳಿದೆ.

"ಕೇಳು ಅಮ್ಮಣಿ. ಹೊತ್ಕೊಂಡು ಹೋಗ್ಬೇಡ."

ಮಾರ್ತಾ ಚೀಲವನ್ನು ಹಿಂದಕ್ಕೆ ಸರಿಸಿ ಲಕ್ಷ್ಮಿಯ ಕೈ ಹಿಡಿದುಕೊಂಡಳು. ಅಂಥ ಮನೆಯಿಂದ ಏಳುವಾಗ ಹೋಗಿಬರುತ್ತೇನೆ ಅನ್ನಬಾರದು. ಅವಳು ಅಭ್ಯಾಸದಿಂದ ಬಾಯಿ ತೆರೆದಳು. ನಾನು ಅವಳ ಮೊಣಕೈ ಒತ್ತಿದೆ. ಮೂವರೂ ಮಾತಿಲ್ಲದೆ ಹೊರಗೆ ಬಂದೆವು.

ಕೊಯಮತ್ತೂರಿನಲ್ಲಿ ಬಸ್ಸಿಳಿದ ಕೂಡಲೇ ಅತ್ತೆ ನಮ್ಮಿಬ್ಬರನ್ನು ಒಂದು ನಲ್ಲಿಯ ಬಳಿ ನಿಲ್ಲಿಸಿ ತಲೆಗೆ ನೀರು ಚಿಮುಕಿಸಿದರು. "ನಿಮ್ಗೆ ಇಷ್ಟು ಸಾಕು. ದೋಸ ಇದ್ರೆ ನಂಗಿರ್ಲಿ" ಎಂದರು. ತಾವು ಮಾತ್ರ ಸಭಾಂಗಣದ ಒಳಗೆ ಕಾಲಿಡಲು ಒಪ್ಪಲಿಲ್ಲ. ಹೊರಗೆ ಕಿಟಕಿಯ ಹತ್ತಿರ ನಿಂತರು.

ಮಾರ್ತಾ ಎರಡು ಮನೆಯ ಮಾತನ್ನು ಕೇಳಿಸಿದಳು. ಬೈಗುಳದ ದನಿಗೇ ಕಾಲೇಜಿನ ಹುಡುಗಿಯರೆಲ್ಲ ನಕ್ಕರು. ಆಮೇಲೆ ಯಂತ್ರವನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿ ನನಗೆ ತಮಿಳಿನಲ್ಲಿ ತಿಳಿಸಿದಳು. ಮೂರನೆಯ ಮನೆಗೆ ಹೋಗಿದ್ದೆ, ಅಲ್ಲಿ ಕೇಳಿದ್ದನ್ನು ಜೀವನಪೂರ್ತಿ ಮರೆಯಲಾರೆ, ಆದರೆ ಅದು ನಾನು ಹೊತ್ತು ತರುವಂಥದ್ದಲ್ಲ, ಅದರಿಂದ ಪಾಸಾಗದಿದ್ದರೂ ಒಪ್ಪಿಕೊಳ್ಳುತ್ತೇನೆ ಎಂದಿದ್ದಳಂತೆ. ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹಿರಿಯ ಹೆಂಗಸೊಬ್ಬರು, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಮಾರ್ತಾ ಕಿಟಕಿಯತ್ತ ಕೈ ತೋರಿಸಿದಳು. ಸಭೆ ಪೂರ್ತಿ ಅತ್ತ ತಿರುಗಿತು. ಅಲ್ಲಿ ನಿಂತದ್ದಕ್ಕೇ ಗದರುತ್ತಾರೆಂದು ತಿಳಿದು ಅತ್ತೆ ಅವಸರದಲ್ಲಿ ಬೇವಿನ ಮರದ ಹಿಂದೆ ಸರಿದುಕೊಂಡರು. ಮರ ಸಣ್ಣದು, ಅತ್ತೆ ದೊಡ್ಡವರು. ಎರಡು ಕಡೆಯೂ ಸೀರೆ ಕಾಣುತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಫಲಿತಾಂಶ ಅಂದು ಹೇಳಲಿಲ್ಲ. ಮಾರ್ತಾ ಊರು ಸೇರಿ ಕೆಲವು ವಾರಗಳಾದ ಮೇಲೆ ಫೋನು ಮಾಡಿದಳು. ಆ ಹಿರಿಯ ಟೀಚರು ಅವಳ ಪರ ನಿಂತಿದ್ದರಂತೆ. ಅವಳು ಪಾಸಾಗಿದ್ದಳು. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿದ್ದು, ಫೋನಿಲ್ಲದೆಯೇ ಪೋಲೆಂಡಿಗೆ ಕೇಳಿಸಿರಬೇಕು. ಆಮೇಲೆ ಒಂದೊಂದು ನೆಂಟರ ಮನೆಗೂ ಹೋಗಿ ಸುದ್ದಿ ಹೇಳಿಬಂದರು. ಮೊದಲು ಹೋದದ್ದು ಲಕ್ಷ್ಮಿಯ ಮನೆಗೆ.

ಕೊನೆಯ ದಿನಗಳನ್ನು ಅತ್ತೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಕಳೆದರು. ನೆನಪು ಬಂದು ಹೋಗಿ ಮಾಡುತ್ತಿತ್ತು. ಮಾವನವರು ತೀರಿಕೊಂಡದ್ದು ಮರೆತಿತ್ತು, ಮನೆಯ ಹಸು ಮಾರಿದ್ದು ಮರೆತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟರೆ, "ಅಮ್ಮಣಿ ಪಾಸಾದ್ಲಾ?" ಎಂದು ಕೇಳುತ್ತಿದ್ದರು. ಆದಳು ಅತ್ತೆ ಎಂದರೆ ಮುಖ ಅರಳುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಸಂತೋಷ. ಹೇಳುವುದಕ್ಕೆ ನನಗೆ ಒಂದು ದಿನವೂ ಬೇಸರವಾಗಲಿಲ್ಲ.

ಒಂದು ಸಂಜೆ ಹೊಸ ನರ್ಸೊಬ್ಬಳು ಬಂದು ಸೂಜಿ ಚುಚ್ಚುತ್ತಿದ್ದಳು. ಅತ್ತೆ ಅವಳಿಗೆ ತಮಿಳಿನಲ್ಲಿ, ನಮ್ಮ ಮನೆಯ ಹುಡುಗಿ ಪಾಸಾಗಿದ್ದಾಳೆ, ದೊಡ್ಡ ಓದು, ಎಲ್ಲರ ಎದುರು ನಿಂತು ಮಾತಾಡಿದಳು ಎಂದರು. ನರ್ಸು ನನ್ನನ್ನು ನೋಡಿ, ಇವರಾ ಎಂದಳು. ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಅತ್ತೆ ತಲೆ ತಿರುಗಿಸಿ ನನ್ನನ್ನೇ ಬಹಳ ಹೊತ್ತು ನೋಡಿದರು.

"ಹೂಂ, ಇವಳೇ" ಎಂದರು ಕನ್ನಡದಲ್ಲಿ. "ನಮ್ಮ ಗೌರಿ. ಪಾಸಾಗವಳೆ."

ನರ್ಸಿಗೆ ಆ ಮಾತು ತಿಳಿಯಿತೋ ಇಲ್ಲವೋ, ನಕ್ಕು ನನ್ನ ಕೈ ಕುಲುಕಿದಳು. ಅತ್ತೆಯ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ನಾನು ತಿದ್ದಲಿಲ್ಲ.