ಮಗಳಿಗೆ ಹೇಳದ ಆರು ವರ್ಷ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಇಕ್ಕಟ್ಟಾದ ಮಳಿಗೆಯೊಂದಿದೆ. ಅಲ್ಲಿ ಬೀಗ ರಿಪೇರಿ ಮಾಡುವವರನ್ನು ಬೀದಿಯವರೆಲ್ಲ ಬೀಗದ ತಾತ ಎನ್ನುತ್ತಾರೆ. ಅರವತ್ತಾರು ವರ್ಷ, ಮಾತು ಕಡಿಮೆ. ಕೀಲಿ ಕಳೆದುಕೊಂಡವರು ಕರೆದರೆ ಊಟದ ತಟ್ಟೆ ಬಿಟ್ಟು ಎದ್ದುಹೋಗುವ ಮನುಷ್ಯ. ಒಳಗೆ ಮಗು ಸಿಕ್ಕಿಹಾಕಿಕೊಂಡಿದೆ ಎಂದರಂತೂ ಚಪ್ಪಲಿ ಮೆಟ್ಟಲೂ ನಿಲ್ಲುವುದಿಲ್ಲ.

ಅವರಿಗೆ ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಅಳಿಯ ಬಸ್ ಚಾಲಕ. ಹದಿನೈದು ವರ್ಷ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದ್ದಕ್ಕೆ ಅವನ ಕಂಪನಿಯವರು ಒಂದು ರೆಸಾರ್ಟಿನಲ್ಲಿ ಶನಿವಾರ, ಭಾನುವಾರ ಮನೆಮಂದಿಯೆಲ್ಲ ಉಳಿಯುವ ಚೀಟಿ ಕೊಟ್ಟರು. ತಿಂಡಿ, ಊಟ, ಕಾಫಿ, ಐಸ್‌ಕ್ರೀಮು, ಆಟ, ಈಜುಕೊಳ ಎಲ್ಲವೂ ಅದರಲ್ಲೇ ಸೇರಿತ್ತು. ಅಳಿಯ ಆ ಚೀಟಿಯನ್ನು ನಾಲ್ಕು ಸಲ ಗಟ್ಟಿಯಾಗಿ ಓದಿದ. ಬೀಗದ ತಾತ ಮಾತ್ರ ಕಿವಿಗೆ ಬಿದ್ದ ಕೊನೆಯ ಪದದಲ್ಲೇ ನಿಂತುಬಿಟ್ಟರು.

"ನೀವು ಹೋಗ್ಬನ್ನಿ. ಮಳಿಗೆ ನೋಡ್ಕೋಬೇಕು" ಎಂದರು.

"ಬೀಗ ಹಾಕೋದು ನಿಮಗೆ ಯಾರಾದ್ರೂ ಹೇಳಿಕೊಡ್ಬೇಕಾ ಮಾವ?" ಎಂದ ಅಳಿಯ. ಎಲ್ಲರೂ ನಕ್ಕರು. ಏಳು ವರ್ಷದ ಮೊಮ್ಮಗಳು ಗುಬ್ಬಿ ಅವರ ಮೊಣಕಾಲಿಗೆ ಜೋತುಬಿದ್ದಳು. ಹೊರಡಲೇಬೇಕಾಯಿತು.

ಶನಿವಾರ ಹನ್ನೊಂದಕ್ಕೆ ತಲುಪಿದರು. ಬಾಗಿಲಲ್ಲೇ ಎಲ್ಲರ ಮಣಿಕಟ್ಟಿಗೂ ಕಿತ್ತಳೆ ಬಣ್ಣದ ಪಟ್ಟಿ ಸುತ್ತಿದರು. ಅದನ್ನು ತೋರಿಸಿದರೆ ಯಾವ ಕೌಂಟರಿನಲ್ಲೂ ಇಲ್ಲವೆನ್ನುವಂತಿಲ್ಲ. ಕೋಣೆಯ ಮಂಚದ ಮೇಲೆ ಟವೆಲನ್ನೇ ಮಡಚಿ ಹಂಸ ಮಾಡಿ ಕೂರಿಸಿದ್ದರು. ಬೀಗದ ತಾತನ ಹೆಂಡತಿ ಅದನ್ನು ಬಿಡಿಸಲು ಮನಸ್ಸಾಗದೆ, ಮನೆಯಿಂದ ತಂದ ಟವೆಲಿನಲ್ಲೇ ಮುಖ ಒರೆಸಿಕೊಂಡರು. ಅಳಿಯ ಆಗಲೇ ಎರಡನೆಯ ಐಸ್‌ಕ್ರೀಮು ತಂದಿದ್ದ. "ಎಲ್ಲ ಸೇರಿ ಅಂದ್ಮೇಲೆ ಬಿಡೋದು ಪಾಪ" ಎಂದ.

ಕೋಣೆಯ ಬಾಲ್ಕನಿಯ ಕೆಳಗೇ ಕೊಳ. ಒಂದು ತುದಿ ಮಕ್ಕಳ ಸೊಂಟದಷ್ಟು. ಅಲ್ಲಿಂದ ಇಳಿಜಾರಾಗಿ ಇನ್ನೊಂದು ತುದಿಗೆ ಎರಡಾಳು ಆಳ. ಗುಬ್ಬಿ ತೋಳಿಗೆ ಗಾಳಿಚೀಲ ಕಟ್ಟಿಕೊಂಡು ಅಪ್ಪನ ಜೊತೆ ಇಳಿದಳು. ಅಪ್ಪನಿಗೂ ಈಜು ಬಾರದು. ಎದೆಮಟ್ಟದ ನೀರಿನಲ್ಲಿ ಕಂಬದಂತೆ ನಿಂತಿದ್ದ. ಗುಬ್ಬಿಯ ಅಮ್ಮ ದಡದಲ್ಲಿ, ನೀರಿಗೆ ಐದು ಮಾರು ದೂರ ಕೂತಳು. ಅವಳಿಗೆ ಸಣ್ಣಂದಿನಿಂದ ನೀರೆಂದರೆ ಆಗದು.

ಬೀಗದ ತಾತ ಮಲಗುತ್ತೇನೆಂದು ಕೋಣೆಯಲ್ಲೇ ಉಳಿದಿದ್ದರು. ಮಲಗಲಾಗಲಿಲ್ಲ. ಬಾಲ್ಕನಿಯ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ತುಂಬುತೋಳಿನ ಅಂಗಿಯಲ್ಲೇ ಕೆಳಗಿಳಿದು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೊಳದ ಪಕ್ಕ ಕೂತರು. ಕಾಲು ಗಂಟೆಗೊಮ್ಮೆ ಎದ್ದು ಕುರ್ಚಿಯನ್ನು ಒಂದೆರಡು ಹೆಜ್ಜೆ ಸರಿಸುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ಪಕ್ಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವರು ಮುದುಕ ಏನೋ ಜಪ ಮಾಡುತ್ತಿದ್ದಾನೆ ಎಂದುಕೊಂಡರು. ಅವರು ನೀರಿನಲ್ಲಿದ್ದ ತಲೆಗಳನ್ನು ಎಣಿಸುತ್ತಿದ್ದರು.

ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕರೆದು ಕರೆದು ಸಾಕಾದ ಮಗಳು ಮೂರು ಗಂಟೆಯ ಹೊತ್ತಿಗೆ ಒಂದು ತಟ್ಟೆಯಲ್ಲಿ ಬಡಿಸಿಕೊಂಡು ಬಂದಳು. ಕುರ್ಚಿ ಖಾಲಿಯಿತ್ತು. ಅಪ್ಪ ಕೊಳದ ಆಚೆಬದಿಯಲ್ಲಿ, ಕೊಳ ಕಾಯುವ ಹೆಂಗಸಿನ ಎತ್ತರದ ಕುರ್ಚಿಯ ಬುಡದಲ್ಲಿ ನಿಂತಿದ್ದರು. ಆಕೆ ಮೂವತ್ತೈದರ ಆಸುಪಾಸಿನವಳು, ಕೊರಳಲ್ಲಿ ಸೀಟಿ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ" ಎನ್ನುತ್ತಿದ್ದರು ಅವರು. "ಅಲ್ಲಿ ಕೂತ್ರೆ ಆಳದ ಮೂಲೆಯ ತಳ ಕಾಣುತ್ತಾ?"

"ಕಾಣುತ್ತೆ ಸರ್. ನೀವು ಆರಾಮಾಗಿ ಕೂತ್ಕೊಳಿ. ಇದು ನಮ್ಮ ಕೆಲಸ."

"ಬೆಳಿಗ್ಗೆ ಕಾಣ್ತಿತ್ತು. ಈಗ ಬಿಸಿಲು ಎದುರಿಗೆ ಬಂದಿದೆ. ಒಂದ್ಸಲ ನೋಡು. ತಳದಲ್ಲಿ ನೀಲಿ ಗೆರೆಗಳಿವೆಯಲ್ಲ, ಅವನ್ನ ಎಣಿಸು."

ಹೆಂಗಸು ಮುಖ ಬಿಗಿಮಾಡಿಕೊಂಡೇ ಆ ಕಡೆ ತಿರುಗಿದಳು. ಹಣೆಗೆ ಕೈ ಅಡ್ಡ ಹಿಡಿದಳು. ನಾಲ್ಕು ಎಣಿಸಿದಳು, ಐದನೆಯದು ಇರಬೇಕಾದಲ್ಲಿ ಬರೀ ಬೆಳಕಿನ ಹಾಳೆ ತಳತಳಿಸುತ್ತಿತ್ತು. ಆಕೆ ಏನೂ ಹೇಳದೆ ಕೆಳಗಿಳಿದು, ಸೀಟಿ ಊದಿ ಆಳದಲ್ಲಿದ್ದವರನ್ನು ಮೇಲೆ ಕರೆದಳು. ಇಬ್ಬರು ಕೆಲಸದವರನ್ನು ಕೂಗಿ ಕುರ್ಚಿಯನ್ನು ಬಿಸಿಲು ಎದುರಾಗದ ಮಗ್ಗುಲಿಗೆ ಹೊರಿಸಿದಳು. ಆಮೇಲೆ ಕೇಳಿದಳು:

"ನೀವು ಎಲ್ಲಿ ಡ್ಯೂಟಿ ಮಾಡ್ತಿದ್ರಿ ಸರ್?"

"ನಮ್ಮೂರ ಕೊಳದಲ್ಲಿ. ಆರು ವರ್ಷ."

ತಟ್ಟೆ ಹಿಡಿದೇ ಅವರ ಹಿಂದೆ ಬಂದು ನಿಂತಿದ್ದ ಮಗಳಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಅವಳಿಗೆ ಗೊತ್ತಿದ್ದ ಅಪ್ಪ ಮಳೆನೀರು ನಿಂತ ಗುಂಡಿಯನ್ನೂ ಸುತ್ತಿಹೋಗುವ ಮನುಷ್ಯ. ಅವಳ ಶಾಲೆಯಲ್ಲಿ ಈಜು ಕಲಿಸಲು ಕರೆದೊಯ್ಯುವ ದಿನವೆಲ್ಲ, ಜ್ವರವಿಲ್ಲದಿದ್ದರೂ ಜ್ವರವೆಂದು ಚೀಟಿ ಬರೆದುಕೊಡುತ್ತಿದ್ದ ಅಪ್ಪ. ಇಡೀ ತರಗತಿ ನೀರಿನಲ್ಲಿದ್ದಾಗ ಅವಳೊಬ್ಬಳೇ ಬಸ್ಸಿನಲ್ಲಿ ಕೂತು ಎದುರಿನ ಸೀಟಿನ ಹೊಲಿಗೆ ಎಣಿಸಿದ್ದಳು.

"ಅಪ್ಪ, ಏನದು ಆರು ವರ್ಷ?"

ಬೀಗದ ತಾತ ತಿರುಗಿ ನೋಡಿದರು. ಸುಳ್ಳಿಗೆ ಬಾಯಿ ತೆರೆದರು, ಸುಳ್ಳು ಬರಲಿಲ್ಲ. "ಗುಬ್ಬೀನ ಮೇಲೆ ಕರಿ. ಒಳಗೆ ಹೋಗೋಣ" ಎಂದರು.

ಅಳಿಯ ಗುಬ್ಬಿಯನ್ನು ಉಯ್ಯಾಲೆಯ ಕಡೆ ಕರೆದೊಯ್ದ. ಕೋಣೆಯಲ್ಲಿ ಉಳಿದವರು ಅಪ್ಪ, ಅಮ್ಮ, ಮಗಳು ಮೂವರೇ. ಬೀಗದ ತಾತ ಮಂಚದ ಅಂಚಿನಲ್ಲಿ ಕೂತು ಮಣಿಕಟ್ಟಿನ ಪಟ್ಟಿ ತಿರುಗಿಸುತ್ತಾ ಹೇಳಿದರು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವರಿಗೆ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಮಕ್ಕಳಿಗೆ ಕಲಿಸುವುದು, ಮಧ್ಯಾಹ್ನ ಕಾಯುವುದು. ಇನ್ನೂರಕ್ಕೂ ಹೆಚ್ಚು ಮಕ್ಕಳು ಅವರ ಅಂಗೈ ಮೇಲೆ ತೇಲಲು ಕಲಿತಿದ್ದರು. ಮೂವತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನೀರಿನಲ್ಲಿ ಅರವತ್ತು ಮಕ್ಕಳಿದ್ದರು. ಜೊತೆಯ ಕಾವಲಿನವನು ರಜೆಯಲ್ಲಿದ್ದ. ಇಳಿಬಿಸಿಲು ನೀರಿಗೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಆಳದ ಮೂಲೆಗೆ ಹೋದಳು.

"ಮುಳುಗೋರು ಕೂಗ್ತಾರೆ ಅಂತ ಜನ ತಿಳ್ಕೊಂಡಿದ್ದಾರೆ" ಎಂದರು ಅವರು. "ಕೂಗಲ್ಲ. ಕೈ ಬಡಿಯಲ್ಲ. ಸದ್ದೇ ಇರಲ್ಲ. ನಾನು ಎಣಿಸ್ದೆ, ಒಂದು ಕಮ್ಮಿ ಬಂತು. ಮತ್ತೆ ಎಣಿಸ್ದೆ. ಆ ಎರಡನೇ ಸಲ ಎಣಿಸಿದ್ನಲ್ಲ, ಅಷ್ಟು ಹೊತ್ತು ದಂಡ ಆಯ್ತು."

ಅವರೇ ಹಾರಿ ಮೇಲೆ ತಂದಿದ್ದರು. ಎದೆ ಒತ್ತಿ, ಉಸಿರು ಕೊಟ್ಟು, ಆಂಬುಲೆನ್ಸ್ ಬರುವವರೆಗೂ ಕೈಬಿಟ್ಟಿರಲಿಲ್ಲ. ಮಗು ಉಳಿಯಲಿಲ್ಲ. ವಿಚಾರಣೆ ನಡೆಯಿತು. ಒಬ್ಬನೇ ಅರವತ್ತು ಮಕ್ಕಳನ್ನು ಕಾಯುವುದು ಆಗದ ಮಾತು, ಈತನದು ತಪ್ಪಿಲ್ಲ ಎಂದು ಬರೆದುಕೊಟ್ಟರು. ಕಾಗದವನ್ನು ಮಡಚಿಟ್ಟರೆ ಅದರ ಕೆಲಸ ಮುಗಿಯುತ್ತದೆ. ಮನುಷ್ಯನನ್ನು ಹಾಗೆ ಮಡಚಿಡಲಾಗುವುದಿಲ್ಲ. ಮರುವಾರವೇ ಅವರು ಕೆಲಸ ಬಿಟ್ಟು, ಸೋದರಮಾವನ ಹತ್ತಿರ ಬೀಗದ ಕೆಲಸ ಕಲಿಯಲು ಕೂತರು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು.

"ತಪ್ಪಿಲ್ಲ ಅಂತ ಅವರೇ ಹೇಳಿದ್ರಲ್ಲ ಅಪ್ಪ?"

"ಆ ಮಗೂಗೆ ತೇಲೋಕೆ ಕಲಿಸಿದ್ದೇ ನಾನು." ಅವರ ದನಿ ತಗ್ಗಿತು. "ಅದಕ್ಕೂ ಹದಿನೈದು ದಿನ ಮುಂಚೆ. ಎಷ್ಟು ಚೆನ್ನಾಗಿ ತೇಲ್ತಿತ್ತು ಗೊತ್ತಾ? ಬೆನ್ನು ತಟ್ಟಿದ್ದೆ. ಆಳಕ್ಕೆ ಹೋಗೋ ಧೈರ್ಯ ಅದಕ್ಕೆ ಎಲ್ಲಿಂದ ಬಂತು ಹೇಳು."

ಕೆಳಗಿನಿಂದ ಮಕ್ಕಳ ಕೂಗು ಕೇಳಿಸುತ್ತಿತ್ತು.

"ನಿನಗೆ ಹೇಳ್ಬೇಡಿ ಅಂದಿದ್ದು ನಾನೇ" ಎಂದರು ಅಮ್ಮ. "ನಿಮ್ಮಪ್ಪ ಮೂರು ತಿಂಗಳು ಸ್ನಾನದ ಬಕೆಟ್ಟು ತುಂಬಿದ್ರೂ ನೋಡ್ತಿರ್ಲಿಲ್ಲ. ಮರೀಲಿ ಅಂತ ಸುಮ್ನಿದ್ದೆ."

ಮಗಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ನೀರು ಕಂಡ್ರೆ ನನಗೆ ಭಯ ಅಂತಾನೇ ತಿಳ್ಕೊಂಡಿದ್ದೆ ಇಷ್ಟು ವರ್ಷ. ಅದು ನನ್ನ ಭಯಾನೇ ಅಲ್ಲ! ಇನ್ನೊಬ್ಬರ ಭಯ ನಾನು ಹೊತ್ಕೊಂಡು ತಿರುಗಿದೀನಿ. ಒಂದು ಮಾತು ಹೇಳೋಕೆ ಆಗ್ಲಿಲ್ವಾ ಇಬ್ಬರಿಗೂ?"

ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಹೋದಳು. ಆ ದಿನ ಅಪ್ಪನ ಹತ್ತಿರ ಮತ್ತೆ ಮಾತಾಡಲಿಲ್ಲ. ಅಳಿಯನೂ ವಿಷಯ ತಿಳಿದ ಮೇಲೆ ಮೂರನೆಯ ಬಾರಿ ತಟ್ಟೆ ತುಂಬಿಸಿಕೊಳ್ಳಲು ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಬೀಗದ ತಾತ ಬಾಲ್ಕನಿಗೆ ಬಂದಾಗ ಕೊಳದಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಹತ್ತಿರ ಮಗಳು ನಿಂತಿದ್ದಳು. ರೆಸಾರ್ಟಿನವರು ಕೊಟ್ಟ ಈಜುಡುಗೆ ಅವಳಿಗೆ ಒಂದಳತೆ ದೊಡ್ಡದು. ಎರಡೂ ತೋಳು ಎದೆಗೆ ಒತ್ತಿಕೊಂಡಿದ್ದಳು.

ಅವರು ದಡದಡ ಇಳಿದು ಬಂದರು. "ಏನ್ಮಾಡ್ತಾ ಇದೀಯ?"

"ನಿಮ್ಮನ್ನೇ ಕಾಯ್ತಾ ಇದ್ದೆ. ಇನ್ನೂರು ಮಕ್ಕಳಿಗೆ ಕಲಿಸಿದ್ರಂತೆ. ನನಗೂ ಕಲಿಸಿ."

"ಬೇಡಮ್ಮ. ನನ್ನ ಕೈಲಿ ಆಗಲ್ಲ."

"ನೀವು ಬರ್ದಿದ್ರೂ ನಾನು ಇಳೀತೀನಿ ಅಪ್ಪ. ನನಗೆ ಮೂವತ್ನಾಲ್ಕು. ಇನ್ನು ಜ್ವರದ ಚೀಟಿ ನಡಿಯಲ್ಲ."

ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಕಾಲಿಡುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೀಗದ ತಾತ ಚಪ್ಪಲಿ ಬಿಟ್ಟರು. ಪ್ಯಾಂಟು, ಅಂಗಿ ಹಾಗೇ ಇದ್ದಂತೆ ಕಂಬಿ ಹಿಡಿದು ಇಳಿದರು. ನೀರು ಸೊಂಟಕ್ಕೆ ಬರುತ್ತಿದ್ದಂತೆ ಕಣ್ಣು ಮುಚ್ಚಿ ನಿಂತುಬಿಟ್ಟರು. ನಿನ್ನೆಯ ಕಾವಲಿನ ಹೆಂಗಸು ಹತ್ತಿರ ಬಂದು ಬಗ್ಗಿ, "ನಾನು ಇಲ್ಲೇ ಇದೀನಿ ಸರ್. ಕಾಯೋದು ನನಗೆ ಬಿಡಿ" ಎಂದಳು.

ಅವರು ಕಣ್ಣು ಬಿಟ್ಟರು. ಮಗಳ ಕಡೆ ತಿರುಗಿ ಎರಡೂ ಅಂಗೈ ನೀರಿನೊಳಗೆ ಚಾಚಿದರು.

"ಹಿಂದಕ್ಕೆ ಒರಗು. ತಲೆ ನನ್ನ ಕೈಮೇಲೆ ಬಿಡು. ಕತ್ತು ಬಿಗಿ ಹಿಡೀಬೇಡ. ಹೊಟ್ಟೆ ಮೇಲೆತ್ತು. ಕಾಲಿನ ಯೋಚನೆ ಬಿಡು, ಅದು ತಾನಾಗೇ ಬರುತ್ತೆ."

ದನಿ ಬೇರೆಯಾಗಿತ್ತು. ಮಗಳು ಆ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಎರಡು ಸಲ ಗಾಬರಿಯಾಗಿ ಅವರ ಕೊರಳಿಗೇ ಬಿದ್ದಳು, ನೀರು ಕುಡಿದಳು, ಕೆಮ್ಮಿದಳು. ಮೂರನೆಯ ಸಲ ನೀರು ಅವಳನ್ನು ಹೊತ್ತಿತು. ಕಿವಿಯವರೆಗೂ ನೀರಿನಲ್ಲಿ, ಮುಖ ಮಾತ್ರ ಹೊರಗೆ. ಅವರ ಕೈ ಕೆಳಗೇ ಇತ್ತು, ಆದರೆ ತಾಕುತ್ತಿರಲಿಲ್ಲ. ಅವರ ಕೆನ್ನೆಯ ಮೇಲೆ ಇಳಿಯುತ್ತಿದ್ದುದು ಕೊಳದ ನೀರಲ್ಲ. ಬಾಲ್ಕನಿಯಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಮನೆಗೆ ಮರಳಿದ ಮೇಲೆ ತಂದೆ ಮಗಳ ನಡುವೆ ಎಲ್ಲವೂ ಒಂದೇ ಸಲಕ್ಕೆ ಸರಿಹೋಯಿತೆಂದಲ್ಲ. ಬಸ್ಸಿನಲ್ಲಿ ಒಬ್ಬಳೇ ಕೂತ ದಿನಗಳನ್ನು ಮಗಳು ಆಗಾಗ ಎತ್ತಿ ಆಡಿದಳು; ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಒಂದು ದಿನ ಅವಳು, "ಆ ಹುಡುಗಿ ಮನೆಯವರು ಈಗ ಎಲ್ಲಿದ್ದಾರೆ?" ಎಂದು ಕೇಳಿದಳು. "ಊರು ಬಿಟ್ಟು ಹೋದ್ರು. ಹೋಗೋ ಮುಂಚೆ ಅವಳ ತಾಯಿ ನಮ್ಮನೆ ಬಾಗಿಲಿಗೆ ಬಂದಿದ್ರು. ನಾನು ಹೊರಗೆ ಬರ್ಲಿಲ್ಲ" ಎಂದರು. ಅಷ್ಟನ್ನು ಅವರು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಆಡಿದ್ದಿಲ್ಲ.

ಈಗ ಪ್ರತಿ ಶನಿವಾರ ಬೆಳಿಗ್ಗೆ ಮಳಿಗೆ ಎರಡು ಗಂಟೆ ತಡವಾಗಿ ತೆರೆಯುತ್ತದೆ. ಮೂರು ತಲೆಮಾರಿನವರೂ ಊರಿನ ಕೊಳಕ್ಕೆ ಹೋಗುತ್ತಾರೆ. ಗುಬ್ಬಿ ಒಂದೇ ತಿಂಗಳಲ್ಲಿ ಕಲಿತು ಅಮ್ಮನನ್ನು ಅಣಕಿಸಿದಳು. ಅಮ್ಮ ಚಳಿಗಾಲದ ಹೊತ್ತಿಗೆ ಕೊಳದ ಅಡ್ಡಗಲ ದಾಟಿದಳು. ಬೀಗದ ತಾತ ಎದೆಮಟ್ಟದ ನೀರಿಗಿಂತ ಮುಂದೆ ಹೋಗುವುದಿಲ್ಲ. ಹೋಗಿ ಎಂದು ಮಗಳೂ ಒತ್ತಾಯ ಮಾಡುವುದಿಲ್ಲ.