ಗಣಿತದ ಸಾಲಿನ ಒಂಬತ್ತನೆಯ ಉತ್ತರ

ಓದುವ ವಿಷಯ ನೋಡಿ ರೂಮು ಕೊಡುತ್ತಾರೆ ಅಂದರೆ ನಮ್ಮಪ್ಪ ನಂಬಲೇ ಇಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನಲ್ಲಿ ಹಾಸ್ಟೆಲ್ ಅಂದರೆ ಜಾತಿಗೊಂದು ಅಂತಲೇ ನಮ್ಮೂರಿನವರ ತಿಳಿವಳಿಕೆ. ಮಂಡಕಳ್ಳಿ ಕಡೆಯಿಂದ ನನ್ನ ಟ್ರಂಕು ಹೊತ್ತು ತಂದಿದ್ದ ಅಪ್ಪ ಗೇಟಿನಲ್ಲೇ ವಾರ್ಡನ್ನರನ್ನು ತಡೆದು, "ನಮ್ಮೋರು ಯಾವ ಕಡೆ ಅವ್ರೆ ಸ್ವಾಮಿ?" ಅಂತ ಕೇಳಿದ. ಆ ವಾರ್ಡನ್ನರೇ ನಮ್ಮ ಗಣಿತದ ಪ್ರೊಫೆಸರೂ ಆಗಿದ್ದರು. "ನಿಮ್ಮ ಮಗ ಗಣಿತ ತಾನೆ? ಗಣಿತದೋರೆಲ್ಲ ಅವನೋರೇ," ಅಂದು ಹಿಂದಿನ ಸಾಲಿನ ಮೂಲೆ ರೂಮು ತೋರಿಸಿದರು. ಆ ವರ್ಷ ಅವರೇ ತಂದಿದ್ದ ಹೊಸ ಏರ್ಪಾಡು ಅದು. ಗಣಿತದವರಿಗೆ ಒಂದು ಸಾಲು, ರಸಾಯನಶಾಸ್ತ್ರದವರಿಗೆ ಒಂದು ಸಾಲು, ಚರಿತ್ರೆಯವರು ಮಹಡಿ ಮೇಲೆ.

ರೂಮಿನಲ್ಲಿ ಆಗಲೇ ಒಬ್ಬ ಕೂತಿದ್ದ. ಮನೆ ಚಾಮರಾಜಪುರಂನಲ್ಲೇ. ಅವನ ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದವರಂತೆ. ಮನೆ ತುಂಬ ಮಕ್ಕಳು, ಓದೋಕೆ ಜಾಗವಿಲ್ಲ ಅಂತ ಇಲ್ಲಿಗೆ ಸೇರಿದ್ದ. ಅವನ ಜನಿವಾರ ಕಂಡದ್ದೇ ಅಪ್ಪ ಹೊಸ್ತಿಲಾಚೆ ನಿಂತುಬಿಟ್ಟ. "ಒಳಗೆ ಬನ್ನಿ ಯಜಮಾನ್ರೇ," ಅಂತ ಕರೆದು ಅವನು ತನ್ನ ಹಿತ್ತಾಳೆ ಚೊಂಬಿನಲ್ಲೇ ನೀರು ಕೊಟ್ಟ. ಅಪ್ಪ ಎಷ್ಟು ಗಾಬರಿಯಾದ ಅಂದರೆ, ಚೊಂಬನ್ನು ಎತ್ತಿ ಕುಡಿಯಲು ಹೋಗಿ ಅರ್ಧ ನೀರನ್ನು ಅಂಗಿಯ ಮೇಲೇ ಸುರಿದುಕೊಂಡ.

ನಮ್ಮ ಸಾಲಿನಲ್ಲಿ ಒಟ್ಟು ಒಂಬತ್ತು ಜನ, ಎಲ್ಲರಿಗೂ ಅದು ಡಿಗ್ರಿಯ ಕೊನೆಯ ವರ್ಷ. ಸಂಜೆ ಕಾಫಿ ಆದಮೇಲೆ ಎಲ್ಲರೂ ವರಾಂಡದಲ್ಲಿ ಸೇರುವುದು ಕೆಲವೇ ದಿನಗಳಲ್ಲಿ ರೂಢಿಯಾಯಿತು. ಒಂದೊಂದು ಪೇಪರಿನ ನೋಟ್ಸ್ ಒಬ್ಬೊಬ್ಬನ ಪಾಲು. ಅವನು ಓದಬೇಕು, ಮಿಕ್ಕವರು ಬರೆದುಕೊಳ್ಳಬೇಕು. ನನ್ನ ಪಾಲಿಗೆ ಬಂದದ್ದು ಕ್ಯಾಲ್ಕುಲಸ್. ನಾನು ಓದುತ್ತಾ ಹೋದಂತೆ ಎಂಟು ಪೆನ್ನು ಓಡುತ್ತಿದ್ದವು. ಅಯ್ಯೋ, ಏನು ಜಂಬ ಅಂತೀರಿ ನನಗೆ! ನಮ್ಮ ಮನೆಯಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತುವವರು. ತಲೆತಲಾಂತರದಿಂದ ಓದಿದ ಮನೆಯವನೊಬ್ಬ ನನ್ನ ಬಾಯಿ ನೋಡುತ್ತಾ ಕೂತಿರುತ್ತಿದ್ದ! "ಇವನ ನೋಟ್ಸ್ ಇರೋವಾಗ ಪುಸ್ತಕ ಯಾಕ್ರೋ ಬೇಕು?" ಅಂತ ಬೇರೆ ಅವನು ಎಲ್ಲರಿಗೂ ಹೇಳುತ್ತಿದ್ದ. ನಾನು ಬೇಡವೋ ಅನ್ನಲಿಲ್ಲ.

ಫೈನಲ್ಲಿಗೆ ಕಳಿಸುವ ಮುಂಚೆ ಕಾಲೇಜಿನಲ್ಲೇ ಒಂದು ಪರೀಕ್ಷೆ ಇತ್ತು. ಅದರಲ್ಲಿ ದಾಟಿದವರಿಗಷ್ಟೇ ಫೈನಲ್ಲು. ಆ ದಿನ ಬೆಳಿಗ್ಗೆ ಲೈಬ್ರರಿ ಪುಸ್ತಕ ತಿರುವಿ ಹಾಕುತ್ತಿದ್ದೆ. ಒಂದು ಉದ್ದನೆಯ ಸಾಧನೆಯ ಮೂರನೇ ಸಾಲಿನಲ್ಲಿ ಮೈನಸ್ ಇರಬೇಕಾದಲ್ಲಿ ನನ್ನ ನೋಟ್ಸಿನಲ್ಲಿ ಪ್ಲಸ್ ಇತ್ತು. ಕೊನೆಯ ಉತ್ತರ ಏನು ಬರಬೇಕು ಅಂತ ಎಲ್ಲರಿಗೂ ಬಾಯಿಪಾಠ ಆಗಿದ್ದರಿಂದ, ನಡುವಿನ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೈಗೆ ಸಿಕ್ಕಿದ ಕೆಂಪು ಪೆನ್ಸಿಲಿನಿಂದ ತಿದ್ದಿ, ಹೇಳೋಣ ಅಂತ ಮೆಸ್ಸಿಗೆ ಓಡಿದೆ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರು. ರೂಮ್‌ಮೇಟ್ ಪಕ್ಕಕ್ಕೆ ಸರಿದು, "ಬಾರೋ ನಮ್ ಮೇಷ್ಟ್ರೇ, ಕೂತ್ಕೋ," ಅಂದ. ಎಲ್ಲರೂ ನಕ್ಕರು.

ಅಷ್ಟೇ. ಹೇಳೋಕೆ ಬಾಯಿ ಬರಲಿಲ್ಲ. ಆ ಪ್ರಶ್ನೆ ಎಲ್ಲಿ ಬರುತ್ತೆ ಬುಡು, ಅಂತ ನನಗೆ ನಾನೇ ಹೇಳಿಕೊಂಡು ಉಪ್ಪಿಟ್ಟು ತಿಂದೆ.

ಮೊದಲನೇ ಪ್ರಶ್ನೆಯೇ ಅದು. ನಾನು ಮೈನಸ್ ಬರೆದೆ.

ವಾರದ ಮೇಲೆ ಪ್ರೊಫೆಸರು ಒಂಬತ್ತು ಜನರನ್ನೂ ಕರೆಸಿದರು. ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಹರಡಿದ್ದರು. ಸಿಟ್ಟಾದವರಿಗಿಂತ ದಿಗ್ಭ್ರಮೆಗೊಂಡವರಂತೆ ಕಂಡರು. "ಎಂಟು ಪೇಪರಿನಲ್ಲಿ ಒಂದೇ ಸಾಲು, ಒಂದೇ ತಪ್ಪು. ಆ ತಪ್ಪು ಆದಮೇಲೂ ಎಂಟಕ್ಕೂ ಸರಿ ಉತ್ತರ ಬಂದಿದೆ! ಇದು ಕಾಪಿ ಅಲ್ಲದೆ ಇನ್ನೇನ್ರಯ್ಯ?"

"ನೋಟ್ಸೇ ಹಾಗಿತ್ತು ಸಾರ್," ಅಂದ ಯಾರೋ ಒಬ್ಬ.

"ಹಂಗಿದ್ರೆ ಇವನದ್ದೂ ತಪ್ಪಿರಬೇಕಿತ್ತಲ್ಲ? ಇವನೂ ನಿಮ್ಮ ಜೊತೇಲೇ ಓದೋನು." ಅವರು ನನ್ನ ಕಡೆ ಬೆರಳು ಮಾಡಿದರು. "ಇವನೊಬ್ಬ ಸ್ವಂತ ಬುದ್ಧಿಯಿಂದ ಬರೆದಿದ್ದಾನೆ. ಭೇಷ್! ನೀವು ಎಂಟೂ ಜನ ಈ ವರ್ಷ ಫೈನಲ್ಲಿಗಿಲ್ಲ."

ಆ ಭೇಷ್ ಕೆನ್ನೆಗೆ ಹೊಡೆದ ಹಾಗಿತ್ತು. ರೂಮ್‌ಮೇಟ್ ತಿರುಗಿ ನನ್ನನ್ನೇ ನೋಡಿದ. ಅವನಿಗೆ ಎಲ್ಲ ಗೊತ್ತಾಗಿಹೋಗಿತ್ತು. ಅವನ ತಂದೆ ಹಾಸಿಗೆ ಹಿಡಿದಿದ್ದರು. ಜೂನ್ ತಿಂಗಳಲ್ಲಿ ಅವನಿಗಾಗಿ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಕಾದಿತ್ತು. ಈ ವರ್ಷ ಪಾಸಾಗದಿದ್ದರೆ ಅದು ಇನ್ನೊಬ್ಬನ ಪಾಲು. ಆ ನೋಟ್ಸು ಯಾರದು ಅಂತ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಪುಣ್ಯಾತ್ಮ, ಬಾಯಿ ಬಿಡಲಿಲ್ಲ. ಮುಖ ಮಾತ್ರ ಸುಣ್ಣದ ಗೋಡೆಯಾಗಿತ್ತು.

"ಒಂದು ನಿಮಿಷ ಸಾರ್," ಅಂದು ನಾನು ರೂಮಿಗೆ ಓಡಿ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟೆ. ಅವರು ಪುಟ ತಿರುವುತ್ತಾ ಹೋಗಿ ಕೆಂಪು ಗೀಟಿನ ಹತ್ತಿರ ನಿಂತರು.

"ಇದು ಯಾವಾಗ ತಿದ್ದಿದ್ದು?"

"ಪರೀಕ್ಷೆ ದಿನ ಬೆಳಿಗ್ಗೆ ಸಾರ್."

"ಇವರಿಗೆ ಹೇಳಿದ್ಯಾ?"

"ಇಲ್ಲ ಸಾರ್."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರು ನೋಟ್‌ಬುಕ್ ಮುಚ್ಚಿ, "ಎಲ್ಲರೂ ಫೈನಲ್ಲಿಗೆ ಕೂತ್ಕೊಳ್ಳಿ, ಹೋಗಿ," ಅಂದರು. ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವತ್ತು ಸಂಜೆ ವರಾಂಡಕ್ಕೆ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ಎಂಟೂ ಜನ ಬಂದರು. ನಾನು ಓದಿದೆ, ಅವರು ಬರೆದರು. ಮುಗಿದಮೇಲೆ ರೂಮ್‌ಮೇಟ್ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಲೈಬ್ರರಿ ಪುಸ್ತಕ ಪಕ್ಕಕ್ಕಿಟ್ಟುಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತಾಳೆ ನೋಡಿದ. ಮಾರನೆಯ ದಿನವೂ ನೋಡಿದ. ಆಮೇಲೆ ದಿನಾ.

ಫೈನಲ್ಲಿಗೆ ಮುಂಚಿನ ಭಾನುವಾರ ಅಪ್ಪ ಅವರೆಕಾಯಿ ಹೊತ್ತು ಬಂದ. ಈ ಸಲ ಒಳಗೇ ಬಂದು ಟ್ರಂಕಿನ ಮೇಲೆ ಕೂತ. ರೂಮ್‌ಮೇಟ್ ಅದೇ ಚೊಂಬಿನಲ್ಲಿ ನೀರು ಕೊಟ್ಟು, ಬಿಟ್ಟಿದ್ದ ಕೆಲಸಕ್ಕೆ ವಾಪಸು ಕೂತ. ಅಪ್ಪನಿಗೆ ಹಿಗ್ಗೋ ಹಿಗ್ಗು. "ನನ್ ಮಗ ನಿಮ್ಗೆಲ್ಲ ಪಾಠ ಹೇಳ್ಕೊಡ್ತಾನಂತಲ್ಲಪ್ಪ, ದಿಟವಾ?" ಅಂತ ಕೇಳಿದ.

"ದಿಟ ಯಜಮಾನ್ರೇ. ಅವನು ಹೇಳದೆ ನಾವು ಬರೆಯೋದೇ ಇಲ್ಲ," ಅಂದ ಅವನು. ಅಪ್ಪನನ್ನು ನೋಡಿ ನಕ್ಕ ಕೂಡ. ಅವನ ಬೆರಳು ಮಾತ್ರ ನನ್ನ ನೋಟ್‌ಬುಕ್ಕಿನ ಸಾಲಿನ ಮೇಲೇ ಇತ್ತು.